ಟಿವಿಯ ಬೆನ್ನಿನ ಖಾಲಿ ಬಾಯಿ

ಗೆದ್ದಳು! ನನ್ನ ಮಗಳ ಮಗಳು ಸಿಂಚನ ಗೆದ್ದಳು! ಬೀದರಿನ ಬಯಲಿನಲ್ಲಿ ನಡೆದ ಶಾಲಾ ಬಾಲಕಿಯರ ರಾಜ್ಯಮಟ್ಟದ ಖೋ ಖೋ ಅಂತಿಮ ಪಂದ್ಯದಲ್ಲಿ ನಮ್ಮ ಜಿಲ್ಲೆಯ ಹುಡುಗಿಯರು ಗೆದ್ದರು, ಕೊನೆಯ ಸೀಟಿ ಊದುವವರೆಗೂ ಯಾರ ಕೈಗೂ ಸಿಗದೆ ಉಳಿದವಳು ನಮ್ಮ ಸಿಂಚನ. ಇಷ್ಟನ್ನು ಊರಿಗೆಲ್ಲ ಹೇಳಿ ಮುಗಿಸಿದ್ದೇನೆ. ಕೇಳಿದವರಿಗೂ ಹೇಳಿದ್ದೇನೆ, ಕೇಳದೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರನ್ನು ನಿಲ್ಲಿಸಿಯೂ ಹೇಳಿದ್ದೇನೆ. ಇನ್ನು ಉಳಿದವರು ನೀವು. ಆದರೆ ನಾನು ಬರೆಯಲು ಕೂತದ್ದು ಅವಳು ಓಡಿದ ಕಥೆಯನ್ನಲ್ಲ. ಆ ಓಟವನ್ನು ಅವಳ ಅಜ್ಜಿ ಕಣ್ಣಾರೆ ನೋಡಿದಳೋ ಇಲ್ಲವೋ ಎಂಬ ಕಥೆಯನ್ನು. ಆ ಕಥೆಯೆಲ್ಲ ಅಡಗಿರುವುದು ಒಂದು ತೂತಿನಲ್ಲಿ.

ನಿಮ್ಮ ಮನೆಯ ಟಿವಿಯ ಬೆನ್ನನ್ನು ನೀವು ಯಾವತ್ತಾದರೂ ನೋಡಿದ್ದೀರಾ? ಮುಖವನ್ನು ದಿನವೂ ನೋಡುತ್ತೇವೆ, ಬೆನ್ನನ್ನು ನೋಡುವುದು ಕೆಟ್ಟಾಗ ಮಾತ್ರ. ಮನುಷ್ಯನಿಗೂ ನೋವು ಬರುವ ತನಕ ತನಗೊಂದು ಬೆನ್ನಿದೆ ಎಂಬುದು ಎಲ್ಲಿ ನೆನಪಿರುತ್ತದೆ! ನಮ್ಮ ಮನೆಯ ಟಿವಿಯ ಬೆನ್ನಿನಲ್ಲಿ ಹಳದಿ, ಕೆಂಪು, ಬಿಳಿ ಬಣ್ಣದ ಮೂರು ಗುಂಡು ತೂತುಗಳಿವೆ. ಅವುಗಳ ಪಕ್ಕದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲದ, ಬಣ್ಣಗಿಣ್ಣ ಏನೂ ಇಲ್ಲದ, ಕರ್ರಗಿನ ಚಪ್ಪಟೆ ಬಾಯೊಂದಿದೆ. ಅದಕ್ಕೆ ಎಚ್‌ಡಿಎಂಐ ಎಂದು ಹೆಸರು. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟ ನನ್ನ ನಾಲಿಗೆ ಈ ನಾಲ್ಕು ಅಕ್ಷರಗಳನ್ನು ಸರದಿಯಂತೆ ಹೇಳಲು ಕಲಿಯುವಷ್ಟರಲ್ಲಿ ನಮ್ಮ ಮನೆಗೆ ಮೂರು ಊರಿನ ಮೂರು ಕೇಬಲ್ಲುಗಳು ಬಂದು ಬಿದ್ದಿದ್ದವು.

ಸರದಿ ಎಂಬ ಮಾತು ಬಂದದ್ದು ಅಭ್ಯಾಸಬಲದಿಂದ. ನಾನು ಮಂಡ್ಯದ ಪಕ್ಕದ ಕೊತ್ತತ್ತಿಯ ನೀರುಗಂಟಿಯಾಗಿದ್ದವನು. ನಾಲೆಯಲ್ಲಿ ಬಂದ ನೀರನ್ನು ತೂಬು ಎತ್ತಿ, ಇವನ ಗದ್ದೆಗೆ ಇಷ್ಟು ಹೊತ್ತು, ಅವನ ಗದ್ದೆಗೆ ಅಷ್ಟು ಹೊತ್ತು ಎಂದು ಬಿಡುವ ಕೆಲಸ. ಕಾಲುವೆಯ ಕೊನೆಯಲ್ಲಿ ಇರುವ ಗದ್ದೆಗೆ ನೀರು ತಲುಪಿತೆಂದರೆ ನೀರುಗಂಟಿ ಗಟ್ಟಿಗ, ತಲುಪದಿದ್ದರೆ ಅವನ ವಂಶವನ್ನೆಲ್ಲ ಕೊನೆಗದ್ದೆಯವನು ಬದುವಿನ ಮೇಲೆ ನಿಂತು ಸ್ಮರಿಸುತ್ತಾನೆ. ಹೀಗೆ ಆಯುಷ್ಯವೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುವುದನ್ನು ಹರಿಸಿದ ನನಗೆ, ಫೋನಿನಲ್ಲಿರುವ ಮೊಮ್ಮಗಳನ್ನು ಟಿವಿಗೆ ಹರಿಸುವುದು ಯಾವ ಮಹಾ ವಿದ್ಯೆ ಎಂಬ ಅಹಂಕಾರ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಹರಿಸಲೇಬೇಕಾದ ಕಾರಣ ನನ್ನ ಹೆಂಡತಿ ಚಿಕ್ಕತಾಯಿಯ ಕಣ್ಣು. ಪೊರೆ ತೆಗೆಸಿದ ಮೇಲೆ ದೊಡ್ಡದೆಲ್ಲ ಕಾಣುತ್ತದೆ, ಸಣ್ಣದು ಕಾಣುವುದಿಲ್ಲ. ತೆಂಗಿನ ಮರ ಕಾಣುತ್ತದೆ, ಅಕ್ಕಿಯಲ್ಲಿನ ಕಲ್ಲು ಕಾಣುವುದಿಲ್ಲ. ನನ್ನ ತಪ್ಪುಗಳು ಮಾತ್ರ ಯಾವ ಗಾತ್ರದವಾದರೂ ಕಾಣುತ್ತವೆ. ಸಿಂಚನಳ ಹಿಂದಿನ ಪಂದ್ಯವೊಂದನ್ನು ನನ್ನ ಮಗ ರಾಜು ತನ್ನ ಫೋನಿನಲ್ಲಿ ತೋರಿಸಿದಾಗ ಇವಳು ಬಹಳ ಹೊತ್ತು ಇಣುಕಿ, "ಇರುವೆ ಸಾಲು ಕಂಡಂಗಾಯ್ತದೆ ಕಣಪ್ಪ. ಇದ್ರಲ್ಲಿ ನಮ್ ಇರುವೆ ಯಾವ್ದು?" ಎಂದು ಕೇಳಿದ್ದಳು. ಬೀದರಿಗೆ ಹೊರಡುವ ಮುಂಚೆ ಸಿಂಚನ ಮಳವಳ್ಳಿಯಿಂದ ಫೋನು ಮಾಡಿ, "ಅಜ್ಜಿ, ಫೈನಲ್‌ಗೆ ಬಂದ್ರೆ ಫೋನಲ್ಲಿ ಲೈವ್ ಬತ್ತದೆ. ಯಾರ್ ನೋಡ್ದಿದ್ರೂ ನೀನ್ ನೋಡ್ಬೇಕು ಕಣಜ್ಜಿ. ನಂಗೆ ಓಡಾದ್ ಕಲ್ಸ್ದೋಳು ನೀನೇ ತಾನೆ?" ಎಂದಳು.

ಇದು ಉತ್ಪ್ರೇಕ್ಷೆಯಲ್ಲ. ಅಮ್ಮನೊಡನೆ ರಜಕ್ಕೆ ಬಂದಾಗ ಆ ಕೂಸು ಊಟವೆಂದರೆ ಓಡುತ್ತಿತ್ತು. ಇವಳು ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ತುತ್ತು ಹಿಡಿದು, ಹಿತ್ತಲಿನ ತೆಂಗಿನ ಸಾಲಿನಲ್ಲಿ ಅಟ್ಟಿಸಿಕೊಂಡು ಹೋಗುತ್ತಿದ್ದಳು. ಕೂಸು ಒಂದು ಮರದ ಎಡಕ್ಕೆ ನುಸುಳಿದರೆ ಇನ್ನೊಂದರ ಬಲಕ್ಕೆ ಮೂಡುತ್ತಿತ್ತು. ಶಾಲೆಯ ಮೇಷ್ಟರು ಖೋ ಖೋ ಕಲಿಸಿದರು ನಿಜ, ಆದರೆ ಕಂಬಗಳ ನಡುವೆ ಹಾವಿನಂತೆ ಓಡುವುದು ಒಂದು ತುತ್ತು ಮುದ್ದೆಯನ್ನು ತಪ್ಪಿಸಿಕೊಳ್ಳಲು ಹುಟ್ಟಿದ ವಿದ್ಯೆ.

ಹೊಸ ಟಿವಿ ತಂದರೆ ತಂತಿಯೇ ಬೇಡ, ಗಾಳಿಯಲ್ಲೇ ಚಿತ್ರ ಬರುತ್ತದೆ ಎಂದು ನೀವು ಹೇಳುತ್ತೀರಿ, ರಾಜುವೂ ಹೇಳಿದ. ಆದರೆ ಈಗಿರುವುದು ಅವನ ಮದುವೆಯಲ್ಲಿ ಬಂದ ಟಿವಿ. ಅದನ್ನು ಮನೆಯಿಂದ ಹೊರಗೆ ಹಾಕುವುದೆಂದರೆ ಸೊಸೆಯ ತವರನ್ನು ಹೊರಗೆ ಹಾಕಿದಂತೆ ಎಂಬುದು ನನ್ನ ಹೆಂಡತಿಯ ಧರ್ಮಸೂಕ್ಷ್ಮ. ಹಾಗಾಗಿ ನಾನೂ ರಾಜುವೂ ಮಂಡ್ಯದ ಪೇಟೆಯಲ್ಲಿ ಟಿವಿ ರಿಪೇರಿ ಮಾಡುವ ಇಲಿಯಾಸನ ಅಂಗಡಿಗೆ ಹೋದೆವು. ಪಂಪ್‌ಸೆಟ್ಟಿಗೆ ತಂತಿ ಎಳೆಸಿ ಅನುಭವವಿದ್ದ ನಾನು, ದಪ್ಪನಾದ ಮೂರೆಳೆ ಕೇಬಲ್ ಕೊಡು, ಮೊಮ್ಮಗಳು ಬರುವಂಥದ್ದು, ತೆಳ್ಳಗಿದ್ದರೆ ಆಗದು ಎಂದೆ. ಇಲಿಯಾಸ್ ತಲೆ ಎತ್ತಿ ನೋಡಿದ.

"ಗೌಡ್ರೇ, ಟಿವಿಗೇನು ಬೋರ್‌ವೆಲ್ ಇಳಿಸ್ತಿದ್ದೀರಾ?"

ಆಮೇಲೆ ಕೂರಿಸಿ ಹೇಳಿಕೊಟ್ಟ. ಹಳದಿ ತೂತಿಗೆ ಚಿತ್ರ, ಕೆಂಪು ಬಿಳಿ ತೂತಿಗೆ ಶಬ್ದ, ಇದು ಹಳೆಯ ಕಾಲದ ಏರ್ಪಾಡು. ಚಪ್ಪಟೆ ಬಾಯಿ ಬಂದ ಮೇಲೆ ಚಿತ್ರವೂ ಶಬ್ದವೂ ಒಂದೇ ಕೇಬಲ್ಲಿನಲ್ಲಿ ಗಂಡ ಹೆಂಡಿರಂತೆ ಬರುತ್ತವೆ. ನಮ್ಮಲ್ಲಾದರೆ ಚಿತ್ರ ನಾನು, ಶಬ್ದ ಅವಳು ಎಂದುಕೊಂಡೆ. ಹೇಳಲಿಲ್ಲ, ಪಕ್ಕದಲ್ಲಿ ಮಗನಿದ್ದ. ರಾಜುವಿನ ಫೋನಿಗೆ ಇಲಿಯಾಸ್ ಒಂದು ಪುಟ್ಟ ಡಬ್ಬಿ ಸಿಕ್ಕಿಸಿ, ಡಬ್ಬಿಯಿಂದ ಕೇಬಲ್ ಎಳೆದು ತನ್ನ ಅಂಗಡಿಯ ಟಿವಿಗೆ ಕೊಟ್ಟ. ಫೋನಿನಲ್ಲಿದ್ದ ನಮ್ಮ ಹಸುವಿನ ಫೋಟೋ ಗೋಡೆಯಷ್ಟಗಲ ಮೂಡಿತು. ಎಲ್ಲ ಫೋನಿಗೂ ಇದು ಒಗ್ಗುವುದಿಲ್ಲ, ನಿಮ್ಮದಕ್ಕೆ ಒಗ್ಗಿತು, ಪುಣ್ಯ ಮಾಡಿದ್ದೀರಿ ಎಂದ.

ನನ್ನ ಸಮಸ್ಯೆ ಬೇರೆ ಇತ್ತು. ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಬೀದಿಯ ಜಗಲಿಯ ಮೇಲೆ, ಟಿವಿ ಇರುವುದು ನಡುಮನೆಯ ಒಳಗೆ. ಉದ್ದನೆಯ ಕೇಬಲ್ ಬೇಕು ಎಂದೆ. ಉದ್ದ ಹೆಚ್ಚಿದಷ್ಟೂ ದಾರಿಯಲ್ಲೇ ಚಿತ್ರ ಸೋರುತ್ತದೆ, ಅದಕ್ಕೆ ಬೇರೆ ಜಾತಿಯ ಒಳ್ಳೆ ಕೇಬಲ್ಲೇ ಆಗಬೇಕು, ನನ್ನ ಹತ್ತಿರ ಇಲ್ಲ; ಸುಮ್ಮನೆ ಚಿಕ್ಕದು ತಗೊಂಡು ಟಿವಿಯನ್ನೇ ಹತ್ತಿರ ತನ್ನಿ ಎಂದ ಅವನು. ಕೊನೆಗದ್ದೆಗೆ ನೀರು ಹೋಗುವಷ್ಟರಲ್ಲಿ ಬತ್ತುವುದನ್ನು ಬಲ್ಲ ನಾನು ಈ ಮಾತಿಗೆ ಒಪ್ಪಬೇಕಿತ್ತು. ಆದರೆ ಗದ್ದೆ ನಾಲೆಯ ಹತ್ತಿರ ಬಂದದ್ದನ್ನು ಎಲ್ಲಾದರೂ ಕಂಡಿದ್ದೀರಾ? ನಾಲೆಯೇ ಗದ್ದೆಗೆ ಹೋಗಬೇಕು. ಡಬ್ಬಿ ಮಾತ್ರ ಕೊಂಡು ಎದ್ದು ಬಂದೆ.

ಮರುದಿನ ಮೊಮ್ಮಗಳ ಹೆಸರಿನಲ್ಲಿ ಹಣ್ಣುಕಾಯಿ ಮಾಡಿಸಲು ವೈದ್ಯನಾಥಪುರಕ್ಕೆ ಹೋದವನು, ಬರುವಾಗ ಮದ್ದೂರಿನಲ್ಲಿ ಇಳಿದು ಒಂದು ವಡೆ ತಿಂದೆ. ವಡೆಯ ಅಂಗಡಿಯ ಎದುರಿಗೇ ಪ್ಲಾಸ್ಟಿಕ್ ಬಿಂದಿಗೆಯಿಂದ ಹಿಡಿದು ಫೋನಿನ ಚೀಲದ ತನಕ ಎಲ್ಲ ಮಾರುವ ಅಂಗಡಿಯೊಂದಿತ್ತು. ಅಲ್ಲಿ ಹಗ್ಗದ ಸಿಂಬಿಯಂತೆ ಒಂದು ಕೇಬಲ್ ನೇತಾಡುತ್ತಿತ್ತು. ವೈದ್ಯನಾಥೇಶ್ವರನೇ ತೋರಿಸಿದ ಎಂದು ಭಾವಿಸಿ ತಂದೆ. ದೇವರು ತೋರಿಸಿದ್ದು ವಡೆಯನ್ನು ಮಾತ್ರ ಎಂದು ಆಮೇಲೆ ತಿಳಿಯಿತು.

ಜಗಲಿಯಿಂದ ನಡುಮನೆಗೆ ಅದನ್ನು ಎಳೆದು, ಟಿವಿಯ ಚಪ್ಪಟೆ ಬಾಯಿಗೆ ನಾನೇ ತುರುಕಿದೆ. ಅರ್ಧ ಹೋಗಿ ನಿಂತಿತು. ಬಿಗಿಯಾಗಿದೆ, ಒಳ್ಳೆಯದು, ಸೋರುವುದಿಲ್ಲ ಎಂದು ಸಂತೋಷಪಟ್ಟೆ. ಓದುಗರೇ, ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ. ನನ್ನ ದಡ್ಡತನದ ತಲಕಾವೇರಿ ಇದೇ. ಟಿವಿಯ ಮುಖದ ಮೇಲೆ 'ನೋ ಸಿಗ್ನಲ್' ಎಂಬ ನೀಲಿ ಹಲಗೆಯೊಂದು ಮೂಲೆಯಿಂದ ಮೂಲೆಗೆ, ಕೆಲಸವಿಲ್ಲದವನಂತೆ ಅಲೆದಾಡತೊಡಗಿತು.

ಉದ್ದ ಹೆಚ್ಚಾಯಿತು ಎಂದು ತೀರ್ಮಾನವಾಯಿತು. ಟಿವಿಯನ್ನು ಹೊತ್ತು ತಂದು ಜಗಲಿಗೆ ಹೊಂದಿದ ಪಡಸಾಲೆಯಲ್ಲಿ ಇಟ್ಟೆವು. ಅಂದರೆ ಗದ್ದೆ ನಾಲೆಯ ಹತ್ತಿರ ಬಂದಿತು. ಇಲಿಯಾಸನ ಹತ್ತಿರ ತಲೆ ತಗ್ಗಿಸಿ ಹೋಗಿ ಚಿಕ್ಕ ಕೇಬಲ್ ತಂದೆ. ಅದೂ ಅರ್ಧ ಹೋಗಿ ಬಿಗಿಯಾಗಿ ನಿಂತಿತು. ನೀಲಿ ಹಲಗೆ ಮತ್ತೆ ಅಲೆಯಿತು. ಅಷ್ಟರಲ್ಲಿ ಸಿಂಚನ ಫೈನಲ್ ತಲುಪಿದ ಸುದ್ದಿ ಬಂತು. ಮಗಳು ಜಯಂತಿ, ಅಳಿಯ ಪ್ರಕಾಶ ಪಂದ್ಯ ನೋಡಲು ಮಳವಳ್ಳಿಯಿಂದ ಹೊರಟು ಬಂದರು. ಪ್ರಕಾಶ ಬಸ್ಸಿನ ಕಂಡಕ್ಟರು. ಯಾವುದಕ್ಕೂ ಒಳ್ಳೆಯ ಚೀಟಿ ಹರಿಯಬೇಕು ಎನ್ನುವವನು. ಕೇಬಲ್ ಎಂದರೆ ಇದು ಮಾವ ಎಂದು ಅಲ್ಲಿನ ದೊಡ್ಡ ಅಂಗಡಿಯಿಂದ ತಂದ ಮೂರನೆಯದನ್ನು ಪೆಟ್ಟಿಗೆಯಿಂದ ತೆಗೆದ. ಅದರ ಮೂತಿ ಥಳಥಳ ಹೊಳೆಯುತ್ತಿತ್ತು.

"ಮೂತಿಗೆ ಚಿನ್ನದ ನೀರು ಬುಟ್ಟವ್ರೆ ಮಾವ!"

"ಇದ್ರ ಮೂತಿಗೆ ಚಿನ್ನವಾ?" ಎಂದು ನನ್ನ ಹೆಂಡತಿ ಅದನ್ನು ಕಣ್ಣಿನ ಹತ್ತಿರ ಹಿಡಿದಳು. "ಅಲ್ಲ ಕಣಪ್ಪ ಅಳಿಯಪ್ಪ, ನಿನ್ ಮಗಳ್ ಕಿವಿ ಬರಿದಾಗವೆ, ತಂತಿ ಮೂತಿಗೆ ಓಲೆ ಆಕ್ಸ್‌ಕೊಂಡ್ ಬಂದಿದ್ಯಾ?"

ಚಿನ್ನದ ಮೂತಿಯೂ ಅರ್ಧಕ್ಕೆ ನಿಂತಿತು. ಹೊಳಪು ಹೊರಗೆ ಉಳಿಯಿತು, ನೀಲಿ ಹಲಗೆ ಒಳಗೆ ಉಳಿಯಿತು.

ಪಂದ್ಯ ಮಧ್ಯಾಹ್ನದ ಮೇಲೆ. ಪಡಸಾಲೆಯಲ್ಲಿ ಹೆಂಗಸರು ನೆನೆಹಾಕಿದ ಅವರೆಕಾಳನ್ನು ಗುಡ್ಡೆ ಹಾಕಿಕೊಂಡು ಹಿತುಕುತ್ತ ಕೂತಿದ್ದರು. ಗೆದ್ದರೂ ಸೋತರೂ ರಾತ್ರಿಗೆ ಹಿತಕಿದ ಬೇಳೆ ಸಾರು ಎಂದು ಜಯಂತಿ ಘೋಷಿಸಿದ್ದಳು. ರಾಜು ಒಂದು ಕೇಬಲ್ ಕೀಳುವನು, ಪ್ರಕಾಶ ಇನ್ನೊಂದು ತುರುಕುವನು. ಮದ್ದೂರಿನದು ಕಳಪೆ ಎಂದು ಒಬ್ಬ, ಮಂಡ್ಯದ್ದು ತೆಳ್ಳಗೆ ಎಂದು ಇನ್ನೊಬ್ಬ, ಮಳವಳ್ಳಿಯವರಿಗೆ ಹೊಳಪೇ ಜಾಸ್ತಿ ಎಂದು ಮತ್ತೆ ಮೊದಲನೆಯವನು. ಒಂದು ಟಿವಿಯ ಬೆನ್ನಿನಲ್ಲಿ ಮೂರು ತಾಲೂಕುಗಳ ಮಾನ ಹರಾಜಾಗುತ್ತಿತ್ತು. ಫೋನಿನಲ್ಲಿ ಹುಡುಗಿಯರು ಬಯಲಿಗೆ ಇಳಿಯುತ್ತಿರುವುದು ಕಂಡಿತು.

ಆಗ ನನ್ನ ಹೆಂಡತಿ ಕಾಳು ಹಿತುಕುತ್ತಲೇ ಹೇಳಿದಳು.

"ಓಗ್ಲಿ ಬುಡ್ರಪ್ಪ. ನೀವೆಲ್ಲ ಆ ಫೋನಲ್ಲೇ ನೋಡ್ರಿ. ಏನಾಯ್ತದೆ ಅಂತ ನಂಗ್ ಒಂದೊಂದೇ ಏಳ್ತಾ ಓಗಿ, ಕೇಳಿಸ್ಕತೀನಿ. ಕೇಳಿದ್ರೂ ನೋಡ್ದಂಗೇ ತಾನೆ?"

ರಾಜು ಕೈಯಲ್ಲಿದ್ದ ಕೇಬಲ್ ಕೆಳಗಿಟ್ಟ. ಯಾವ ಗದ್ದೆಗೆ ನೀರು ಬರುವುದಿಲ್ಲವೋ ಆ ಗದ್ದೆಯವನು ಬೈದರೆ ನೀರುಗಂಟಿ ತಡೆದುಕೊಳ್ಳಬಲ್ಲ. ಪರವಾಗಿಲ್ಲ ಬಿಡಣ್ಣ ಎಂದರೆ ತಡೆದುಕೊಳ್ಳಲಾರ. ಅವಳಿಗೆ ನಮ್ಮ ಮುಖ ಕಾಣಲಿಲ್ಲವೇನೋ, ಅಥವಾ ಕಂಡಿತೇನೋ. ಸುಮ್ಮನೆ ಕೂರಲಾರದೆ ಎದ್ದು, ನೋಡಲು ಬರುವ ನೆರೆಯವರ ಮುಂದೆ ಟಿವಿ ಧೂಳಾಗಿರಬಾರದು ಎಂದು ಸೆರಗಿನಿಂದ ಒರೆಸತೊಡಗಿದಳು. ಮುಖ ಒರೆಸಿದಳು. ಬೆನ್ನು ಒರೆಸಿದಳು. ನೋಡಿದರೆ ಸೆರಗಿನ ತುದಿ ಹಳದಿಯಾಗಿತ್ತು.

"ಇದೇನಮ್ಮಿ, ಇಲ್ಲಿ ಅರಿಸಿನ?" ಎಂದೆ.

ಓದುಗರೇ, ನನ್ನ ಕೆಲಸದಲ್ಲಿ ಮೊದಲ ದಿನ ಹಿರಿಯ ನೀರುಗಂಟಿ ನನಗೆ ಕಲಿಸಿದ ಮೊದಲ ಪಾಠ, ನೀರು ಬಾರದಿದ್ದರೆ ಕಾಲುವೆಯನ್ನು ಬೈಯಬೇಡ, ತೂಬಿನ ಬಾಯಿಗೆ ಕೈ ಹಾಕಿ ನೋಡು ಎಂಬುದು. ಹೂಳು ತುಂಬುವುದು ಬಾಯಿಯಲ್ಲೇ. ವರ್ಷಗಟ್ಟಲೆ ಕೈ ಹಾಕಿ ನೋಡಿದವನು ನಾನು. ಟಿವಿಯ ಮುಂದೆ ಮಾತ್ರ ಕಾಲುವೆಯ ಮೇಲೆ ಕಾಲುವೆ ಕೊಂಡು ತಂದಿದ್ದೆ. ಟಾರ್ಚು ತರಿಸಿ ಚಪ್ಪಟೆ ಬಾಯಿಯೊಳಗೆ ಬಿಟ್ಟೆ. ಒಳಗೆ ಪದರ ಪದರವಾಗಿ, ಹಳದಿಯ ಮೇಲೆ ಕೆಂಪು, ಕೆಂಪಿನ ಮೇಲೆ ಹಳದಿ, ಗಟ್ಟಿಯಾಗಿ ಒಣಗಿದ ಹೂಳು.

ಪ್ರತಿ ಆಯುಧಪೂಜೆಗೆ ನಮ್ಮ ಮನೆಯಲ್ಲಿ ನೇಗಿಲು, ಗುದ್ದಲಿ, ಕುಡುಗೋಲು, ಬೈಕು, ಮಿಕ್ಸಿ, ಎಲ್ಲಕ್ಕೂ ಅರಿಸಿನ ಕುಂಕುಮ ಇಡುವವಳು ಇವಳು. ಟಿವಿಯ ಗಾಜಿಗೆ ಇಟ್ಟರೆ ಕಲೆಯಾಗುತ್ತದೆ ಎಂದು ಸೊಸೆ ಒಮ್ಮೆ ಮೆಲ್ಲಗೆ ಹೇಳಿದ್ದಳಂತೆ. ಅಂದಿನಿಂದ ಇವಳು ಬೆನ್ನಿಗೆ ಇಡುತ್ತಿದ್ದಳು.

"ಬೆನ್ನಿಗೆ ಇಟ್ಟೆ, ಸರಿ. ತೂತಿನೊಳಕ್ಕೆ ಯಾಕಮ್ಮಿ ಇಟ್ಟೆ?" ಎಂದೆ.

"ಮತ್ತೆ? ಒಳಕಲ್ ಬಾಯಿಗಿಡಲ್ವಾ, ಬೀಸೋ ಕಲ್ ಬಾಯಿಗಿಡಲ್ವಾ? ಇದಕ್ಕೂ ಬಾಯಿ ನೋಡಿ ಇಟ್ಟೆ. ಟಿವಿ ಮಾಡ್ದೋರೇ ಅರಿಸಿನಕ್ಕೊಂದು, ಕುಂಕುಮಕ್ಕೊಂದು, ಇಬೂತಿಗೊಂದು ಅಂತ ಬಣ್ಣ ಬಳ್ದು ಜಾಗ ತೋರ್ಸವ್ರೆ. ಆ ಮೂರ್ಕೂ ನಿನ್ ಮಗ ವೈರು ತುರ್ಕವ್ನೆ. ಇದೊಂದ್ ಪಾಪ, ಬಣ್ಣನೂ ಇಲ್ಲ, ವೈರೂ ಇಲ್ಲ, ಖಾಲಿ ಬಾಯಿ ಬುಟ್ಕಂಡ್ ಕೂತಿತ್ತು. ಅಬ್ಬದ ದಿವ್ಸ ಖಾಲಿ ಬಾಯಿ ಬುಡಾದಾ?"

ಪ್ರಕಾಶ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡ. ರಾಜು ಇಲಿಯಾಸನಿಗೆ ಫೋನು ಮಾಡಬೇಕೆಂದರೆ ಫೋನಿನಲ್ಲಿ ಪಂದ್ಯ. ಅಳಿಯನ ಫೋನಿನಿಂದ ಮಾಡಿದೆವು. ವಿಷಯವನ್ನು ಅವನು ಎರಡೆರಡು ಸಲ ಹೇಳಿಸಿದ. ಆಮೇಲೆ, ಟಿವಿಯ ಪ್ಲಗ್ಗು ಕಿತ್ತುಹಾಕಿ, ಪಿನ್ನು ಮೊಳೆ ಏನೂ ಚುಚ್ಚಬೇಡಿ, ಒಣಗಿದ ಬ್ರಷ್ಷಿನಿಂದ ಮೆತ್ತಗೆ ಉಜ್ಜಿ ಗಾಳಿ ಊದಿ ಎಂದ. ಕೊನೆಗೆ, "ಗೌಡ್ರೇ, ನಿಮ್ ಕೆಲಸದ ಅಭ್ಯಾಸ ಅಂತ ನೀರ್ ಮಾತ್ರ ಬಿಡ್ಬೇಡಿ!" ಎಂದು ಸೇರಿಸಿದ.

ಹಳೆಯ ಹಲ್ಲುಜ್ಜುವ ಬ್ರಷ್ಷು ಬಂತು, ತೆಂಗಿನ ಗರಿಯ ಕಡ್ಡಿ ಬಂತು, ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ಬಂತು. ಬೀದರಿನಲ್ಲಿ ಮೊದಲ ಪಾಳಿ ಶುರುವಾಗಿತ್ತು. ಜಯಂತಿ ಫೋನು ಹಿಡಿದು, ಇಬ್ಬರು ಔಟು, ಮೂರು ಜನ ಔಟು ಎಂದು ಕೂಗುತ್ತಿದ್ದಳು. ನಾನು ಮೊಣಕಾಲೂರಿ ಕೂತು ಹೂಳೆತ್ತಿದೆ. ಎಷ್ಟೋ ಹಬ್ಬಗಳ ಅರಿಸಿನ ಪುಡಿಪುಡಿಯಾಗಿ ಉದುರಿತು. ರಾಜು ಪಂಪು ಒತ್ತಿದ ಏಟಿಗೆ ಹಳದಿ ಮೋಡವೊಂದು ಎದ್ದು, ಬಗ್ಗಿ ನೋಡುತ್ತಿದ್ದ ಪ್ರಕಾಶ ಮದುಮಗನಾಗಿ ಹೊರಬಂದು ಸೀನತೊಡಗಿದ. ಅವನ ಮದುವೆಯಲ್ಲೂ ಅಷ್ಟು ಅರಿಸಿನ ಹಚ್ಚಿರಲಿಲ್ಲ.

ಕೇಬಲ್ ಕೈಗೆತ್ತಿಕೊಂಡೆ. ಯಾವುದು ಎಂದು ನೋಡಲಿಲ್ಲ. ಕೈಗೆ ಸಿಕ್ಕಿದ್ದು ಇಲಿಯಾಸ್ ಕೊಟ್ಟ ಚಿಕ್ಕದು. ಬಾಯಿಗಿಟ್ಟು ಒತ್ತಿದರೆ ಪೂರ್ತಿ ಒಳಗೆ ಹೋಗಿ ಕೂತಿತು. ಪ್ಲಗ್ಗು ಹಾಕಿ, ಡಬ್ಬಿಗೆ ಫೋನು ಸಿಕ್ಕಿಸಿದೆವು. ನೀಲಿ ಹಲಗೆ ಒಮ್ಮೆ ಕಂಡು ಮಾಯವಾಯಿತು. ಬೀದರಿನ ಕೆಂಪು ಮಣ್ಣು ನಮ್ಮ ಪಡಸಾಲೆಗೆ ಬಂದು ಬಿತ್ತು, ಹಿಂದೆಯೇ ಅಲ್ಲಿನ ಜನರ ಕೂಗೂ ಬಂತು.

ನನ್ನ ಹೆಂಡತಿ ಅವರೆಕಾಳಿನ ಬುಟ್ಟಿ ಪಕ್ಕಕ್ಕೆ ಸರಿಸಿ, ಟಿವಿಯ ಎದುರಿಗೆ, ಮೂಗು ತಗಲುವಷ್ಟು ಹತ್ತಿರ ಕೂತಳು. ಯಾರೂ ಅವಳಿಗೆ ಏನೂ ತೋರಿಸಬೇಕಾಗಲಿಲ್ಲ.

"ಅಗೋ! ಅವ್ಳೇ! ಜಡೆ ಬಿಗಿಯಾಗ್ ಕಟ್ಕಂಡಿಲ್ಲ ನೋಡು, ಬೀಳ್ತದೆ ಈಗ. ಏ ಕೂಸೇ, ಜಡೆ!"

ಕೊನೆಯ ಪಾಳಿ ಬರುವಷ್ಟರಲ್ಲಿ ನೆರೆಹೊರೆಯೆಲ್ಲ ಜಗಲಿಯಲ್ಲಿತ್ತು. ನಮ್ಮವರದು ತಪ್ಪಿಸಿಕೊಳ್ಳುವ ಸರದಿ. ಜೊತೆಯ ಹುಡುಗಿಯರಿಬ್ಬರೂ ಔಟಾಗಿ ಸಿಂಚನ ಒಬ್ಬಳೇ ಉಳಿದಳು. ಅವಳು ಸಿಕ್ಕಿದರೆ ಸೋಲು, ಸೀಟಿಯ ತನಕ ಸಿಗದಿದ್ದರೆ ಗೆಲುವು. ಸಾಲಾಗಿ ಕೂತ ಹುಡುಗಿಯರ ನಡುವೆ ಅವಳು ಎಡಕ್ಕೆ ನುಸುಳಿ ಬಲಕ್ಕೆ ಮೂಡಿದಳು. ಹಿತುಕಿದ ಸಿಪ್ಪೆಯಿಂದ ಅವರೆಬೇಳೆ ಜಾರುವ ಹಾಗೆ, ಬೆನ್ನಿಗೆ ಬಿದ್ದ ಕೈಯಿಂದ ಜಾರಿದಳು. ಜಯಂತಿಯ ಕೈಯಲ್ಲಿದ್ದ ಕಾಳುಗಳು ಭಯಕ್ಕೆ ಸಿಡಿದು ಟಿವಿಗೆ ಬಡಿದವು. ನನ್ನ ಹೆಂಡತಿ ಮಾತ್ರ ಅಲುಗಾಡಲಿಲ್ಲ. "ಇವ್ಳನ್ ಇಡಿಯಾಕಾಯ್ತದಾ? ಮುದ್ದೆ ಇಡ್ಕಂಡ್ ನಾನೇ ಇಡಿಯಾಕಾಗ್ಲಿಲ್ಲ," ಎಂದಳು. ಸೀಟಿ ಊದಿತು. ಆಮೇಲೆ ಯಾರು ಯಾರನ್ನು ತಬ್ಬಿಕೊಂಡರೋ ನನಗೆ ಗೊತ್ತಿಲ್ಲ. ನಾನು ಮಾತ್ರ ಸೈಕಲ್ ಪಂಪನ್ನು ತಬ್ಬಿಕೊಂಡಿದ್ದೆ.

ಸಂಜೆ ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲೇ ಎಲೆ ಹಾಕಿದೆವು. ಬಿಸಿ ಮುದ್ದೆ, ಹಿತಕಿದ ಬೇಳೆ ಸಾರು, ಘಮಕ್ಕೆ ಬೀದಿಯ ನಾಯಿಗಳೂ ಜಗಲಿಯಲ್ಲಿ ಪಂಕ್ತಿ ಹಿಡಿದು ಕೂತಿದ್ದವು. ಟಿವಿಯನ್ನು ಒಳಗೆ ಸಾಗಿಸಲು ಯಾರಿಗೂ ಮನಸ್ಸಿರಲಿಲ್ಲ, ಕೇಬಲ್ಲನ್ನು ಕೀಳಲು ನನಗೆ ಮನಸ್ಸಿರಲಿಲ್ಲ. ಆಗ ಸಿಂಚನಳ ವಿಡಿಯೋ ಕರೆ ಬಂತು. ರಾಜು ಫೋನನ್ನು ಡಬ್ಬಿಗೆ ಸಿಕ್ಕಿಸಿ, ಅವಳಿಗೂ ನಾವು ಕಾಣುವಂತೆ ನಿಲ್ಲಿಸಿದ. ಅವಳ ಮುಖ ಟಿವಿಯ ತುಂಬ ತುಂಬಿಕೊಂಡಿತು. ಅವರ ತಂಡವೂ ಊಟಕ್ಕೆ ಕೂತಿತ್ತಂತೆ. ತಟ್ಟೆ ಎತ್ತಿ ತೋರಿಸಿದಳು. "ಇಲ್ಲಿ ಬರೀ ಜೋಳದ ರೊಟ್ಟಿ ಕಣಜ್ಜಿ. ಮುದ್ದೆ ಆಸೆ ಆಯ್ತದೆ."

ಮುದ್ದೆಯ ಹೆಸರು ಕೇಳಿದರೆ ತೆಂಗಿನ ಮರ ಸುತ್ತುತ್ತಿದ್ದವಳು ಹೇಳಿದ ಮಾತಿದು! ನನ್ನ ಹೆಂಡತಿ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಎದ್ದು, ಟಿವಿಯಲ್ಲಿದ್ದ ಮೊಮ್ಮಗಳ ಬಾಯಿಯ ತನಕ ಒಯ್ದಳು. ಸಿಂಚನ ಅಲ್ಲಿಂದಲೇ ಬಾಯಿ ತೆರೆದಳು. ಈ ಸಲ ಓಡಲಿಲ್ಲ. ಕಾಲುವೆಯ ಕೊನೆಗೆ ನೀರು ಮುಟ್ಟಿಸಿದರೆ ಮುಗಿಯುವುದಿಲ್ಲ, ಕೊನೆಯವರಿಂದಲೂ ಏನೋ ಹಿಂದಕ್ಕೆ ಹರಿದು ಬರುತ್ತದೆ ಎಂಬುದು ನೀರುಗಂಟಿಯ ಕೆಲಸದಲ್ಲಿ ನನಗೆ ಗೊತ್ತಾಗಿರಲಿಲ್ಲ.

ಆ ತುತ್ತನ್ನು ತಾನೇ ತಿಂದು, ಇವಳು ಎಡಗೈಯಲ್ಲಿ ದೇವರ ಗೂಡಿನಿಂದ ಕುಂಕುಮದ ಬಟ್ಟಲು ತಂದದ್ದನ್ನು ನೋಡಿ, ರಾಜು, ಪ್ರಕಾಶ, ನಾನು ಮೂವರೂ ಎಲೆಯ ಮುಂದಿನಿಂದ ಅರ್ಧ ಎದ್ದೆವು.

"ಇಂದ್ಗಡೆಗಲ್ಲ, ಕೂತ್ಕಳ್ರಿ," ಎಂದಳು. ಗಾಜಿನ ಮೇಲೆ, ಸರಿಯಾಗಿ ಮೊಮ್ಮಗಳ ಹಣೆ ಇದ್ದ ಜಾಗದಲ್ಲಿ, ಬೊಟ್ಟಿಟ್ಟಳು. ಕಲೆಯಾಗುತ್ತದೆ ಎಂದು ಸೊಸೆಯೂ ಹೇಳಲಿಲ್ಲ. ಸಿಂಚನ ಅತ್ತಿತ್ತ ಅಲುಗಾಡಿದಾಗ ಬೊಟ್ಟು ಒಮ್ಮೆ ಮೂಗಿಗೆ, ಒಮ್ಮೆ ಕಿವಿಗೆ ಬಂತು. ಎಲ್ಲರೂ ನಗುತ್ತ ಎರಡನೇ ಮುದ್ದೆಗೆ ಕೈ ಹಾಕಿದೆವು.